ತುಳಸಾಬಾಯಿ ಕಟ್ಟಿದ ಮನೆಗಳು

ಲಿಂಗಂಪಲ್ಲಿಗೆ ಬಂದು ನಿಂತ ಲೋಕಲ್ ರೈಲು ಒಂದು ಉಸಿರು ಬಿಡುತ್ತದೆ. ದೂರದಿಂದ ನಡೆದು ಬಂದು ಕಟ್ಟೆಯ ಮೇಲೆ ಕುಸಿದು ಕೂತ ಹೆಂಗಸಿನ ಉಸಿರಿನ ಹಾಗೆ, ಉದ್ದಕ್ಕೆ, ಒಳಗಿದ್ದದ್ದೆಲ್ಲ ಹೊರಗೆ ಬಂದಂತೆ. ಅದರ ಬೆನ್ನಿಗೇ ‘ದಯಚೇಸಿ ವಿನಂಡಿ’, ದಯವಿಟ್ಟು ಕೇಳಿ, ಎನ್ನುವ ಮೈಕಿನ ತೆಲುಗು ಹೆಣ್ಣುದನಿ. ಸ್ಟೇಷನ್ನಿನ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿ ತುಳಸಾಬಾಯಿಗೆ ಅಲಾರಾಂ ಬೇಕಿರಲಿಲ್ಲ. ನಸುಕಿನ ಮೊದಲ ಗಾಡಿ ಉಸಿರು ಬಿಟ್ಟಿತೆಂದರೆ ಅವಳು ಎದ್ದು ಹಾಸಿಗೆ ಸುತ್ತಬೇಕು.

ಸುತ್ತದೆ ಗತಿಯಿರಲಿಲ್ಲ. ಅವಳು ಮಲಗುತ್ತಿದ್ದದ್ದು ನಡುಮನೆಯಲ್ಲಿ. ತಾಯಿ ಕೃಷ್ಣಾಬಾಯಿ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಬಚ್ಚಲಿನಿಂದ ಅಡಿಗೆಮನೆಗೆ ಹೋಗಬೇಕಾದರೆ ನಡುಮನೆ ದಾಟಿಯೇ ಹೋಗಬೇಕು. ಸೀರೆಯ ಅಂಚು ಅರಳೆಯ ಗಾದಿಗೆ ತಗುಲಿತೋ, ಮಡಿ ಕೆಟ್ಟಿತು. ಮತ್ತೆ ನೀರು ಕಾಸುವುದು, ಮತ್ತೆ ಸ್ನಾನ, ಆಮೇಲೆ ದಿನವಿಡೀ ಅದರದೇ ಮಾತು. ಹಾಗಾಗಿ ತುಳಸಾಬಾಯಿಯ ಗಾದಿ ಸುರುಳಿಯಾಗಿ, ಹಗ್ಗ ಕಟ್ಟಿಸಿಕೊಂಡು, ಬಾಗಿಲ ಹಿಂದಿನ ಮೂಲೆಯಲ್ಲಿ ಹಗಲೆಲ್ಲ ನಿಂತಿರುತ್ತಿತ್ತು. ಮೂವತ್ತು ದಾಟಿದ ಅವಳ ಬದುಕಿನಲ್ಲಿ ಹಗಲು ಹೊತ್ತು ಬಿಚ್ಚಿಕೊಂಡಿದ್ದ ಹಾಸಿಗೆಯನ್ನು ಅವಳು ಕಂಡದ್ದು ಅಪ್ಪ ಮಲಗಿದ್ದ ಆಸ್ಪತ್ರೆಯಲ್ಲಿ ಮಾತ್ರ.

ಹೆಸರು ಅಜ್ಜಿಯದು. ಅಜ್ಜ ನಿಜಾಮರ ಕಾಲದಲ್ಲಿ ರಾಯಚೂರಿನ ಕಡೆಯಿಂದ ಕಂದಾಯ ಇಲಾಖೆಯ ನೌಕರಿಗೆ ಬಂದವರು. ಅಪ್ಪ ಇಲ್ಲಿನ ಸರಕಾರಿ ಕಚೇರಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿ, ಪೆನ್ಷನ್ನಿಗೆ ಮುಂಚೆಯೇ ತೀರಿಕೊಂಡವರು. ಎರಡು ತಲೆಮಾರು ಸರಕಾರದ ಅನ್ನ ತಿಂದರೂ ಈ ಊರಿನಲ್ಲಿ ಅವರದೆನ್ನುವ ಒಂದು ಗೋಡೆ ಎದ್ದಿರಲಿಲ್ಲ. ಕಾಚಿಗುಡ, ಬರ್ಕತ್‌ಪುರ, ಸನತ್‌ನಗರ, ಹೀಗೆ ಬಾಡಿಗೆ ಏರಿದಂತೆಲ್ಲ ಮನೆ ಊರ ಅಂಚಿಗೆ ಸರಿಯುತ್ತ ಬಂದು, ಕಡೆಗೆ ರೈಲು ನಿಲ್ಲುವ ಜಾಗಕ್ಕೆ ತಾನೂ ನಿಂತಿತ್ತು. ಅಲ್ಲಿದ್ದ ಒಂದೇ ಖೋಲಿ ತಮ್ಮ ವಾಸುದೇವ ಮತ್ತು ಅವನ ಹೆಂಡತಿ ಉಮಾಬಾಯಿಯದು. ವಾಸುದೇವನಿಗೆ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ. ಅಕ್ಕನಿಗಿಂತ ಮೊದಲು ತಮ್ಮನ ಮದುವೆ ಆದದ್ದಕ್ಕೆ ಜಾತಕದ ಕಾರಣವಿತ್ತು. ಅದನ್ನು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ ಕೃಷ್ಣಾಬಾಯಿ ಈಚೆಗೆ ಹೇಳುವುದನ್ನು ಬಿಟ್ಟಿದ್ದರು. ಕೇಳುವವರೂ ಬಿಟ್ಟಿದ್ದರು.

ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಇದ್ದ ಜಾಗ ಬಾಲ್ಕನಿ. ತಿಂಗಳ ಮೂರು ದಿನ ಉಮಾ ಅಲ್ಲಿ ಕೂಡಬೇಕು, ಮತ್ತೆ ಮೂರು ದಿನ ತುಳಸಾ. ಆಫೀಸಿಗೆ ಹೋಗಿ ಬರುವುದಕ್ಕೆ ಕೃಷ್ಣಾಬಾಯಿಯ ಅಡ್ಡಿಯಿರಲಿಲ್ಲ. ‘ಹೊರಗಿಂದು ಹೊರಗ’ ಎನ್ನುತ್ತಿದ್ದರು. ಆದರೆ ಮನೆಗೆ ಬಂದಮೇಲೆ ಬಾಲ್ಕನಿಯೇ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಎದುರು ಬಿಲ್ಡಿಂಗಿನವರಿಗೆ ಇವರ ಮನೆಯ ಹೆಂಗಸರ ತಿಂಗಳ ಲೆಕ್ಕ ಬಾಯಿಪಾಠವಾಗಿತ್ತು.

ತುಳಸಾಬಾಯಿಯ ನೌಕರಿಯನ್ನು ನೆಂಟರಿಗೆ ತಿಳಿಸಿ ಹೇಳುವುದೇ ಒಂದು ನೌಕರಿ. ರಂಗೋಲಿಯ ಕೈ ಚೆನ್ನಾಗಿದ್ದ ಹುಡುಗಿ, ಡಿಗ್ರಿ ಮುಗಿಸಿ, ಅಮೀರ್‌ಪೇಟೆಯಲ್ಲಿ ಕಂಪ್ಯೂಟರಿನ ಮೇಲೆ ಚಿತ್ರ ಮಾಡುವುದನ್ನು ಕಲಿತು, ಬೇಗಂಪೇಟೆಯ ಒಂದು ಸ್ಟುಡಿಯೋ ಸೇರಿದ್ದಳು. ಮೂರನೆಯ ಮಹಡಿ. ಕಿಟಕಿಯಲ್ಲಿ ನೋಡಿದರೆ ದೂರಕ್ಕೆ ಹಳೆಯ ವಿಮಾನ ನಿಲ್ದಾಣ, ಈಗ ಹೆಚ್ಚೇನೂ ಇಳಿಯದ ಬಯಲು. ಹೊರದೇಶದ ಕಂಪನಿಗಳು ಮಾಡುವ ವಿಡಿಯೋ ಗೇಮ್‌ಗಳಿಗೆ ಬೇಕಾದ ಸಾಮಾನನ್ನು ಇಲ್ಲಿ ಕೂತವರು ಮಾಡಿ ಕಳಿಸುತ್ತಿದ್ದರು. ಮೊದಲ ವರ್ಷ ತುಳಸಾ ಬರೀ ಪೀಪಾಯಿ, ಗಡಿಗೆ, ಮುರಿದ ಬಂಡಿಯ ಗಾಲಿ ಮಾಡಿದಳು. ಆಮೇಲೆ ಅವಳನ್ನು ‘ಹೌಸಿಂಗ್’ ತಂಡಕ್ಕೆ ಹಾಕಿದರು.

ಆ ಆಟದ ಲೋಕವೇ ಬೇರೆ. ಬೆಂಕಿ ಉಗುಳುವ ಹಾವುಗಳು, ಮಾಟಗಾತಿಯರು, ಏಳು ರಾಜ್ಯ, ಎಂಟು ರಾಜರು. ಆಡುವವನು ಕತ್ತಿ ಹಿಡಿದು ಕಾಡು ಮೇಡು ಅಲೆದು, ರಾಕ್ಷಸರನ್ನು ಕಡಿದು, ಮೈಯೆಲ್ಲ ಗಾಯ ಮಾಡಿಕೊಂಡು ತಿರುಗಿ ಬರುವುದಕ್ಕೆ ಒಂದು ಮನೆ ಬೇಕಲ್ಲ, ಆ ಮನೆ ಈ ತಂಡದ್ದು. ಅದನ್ನು ಅವನು ತನ್ನ ಮನಸ್ಸಿಗೆ ಬಂದ ಹಾಗೆ ಮಾಡಿಕೊಳ್ಳಬಹುದು. ಗುಡ್ಡದ ಮೇಲೆ ಬೇಕೋ, ಹೊಳೆಯ ದಂಡೆಗೋ. ಗೋಡೆ ಸರಿಸಬಹುದು, ಬಾಗಿಲು ತಿರುಗಿಸಬಹುದು. ಕೊಂದ ಮೃಗದ ತಲೆಯನ್ನು ಗೋಡೆಗೆ ಹಾಕಿಕೊಳ್ಳಬಹುದು, ಅಂಗಳದಲ್ಲಿ ಮದ್ದಿನ ಗಿಡ ನೆಡಬಹುದು. ಬೇಡವೆನಿಸಿದರೆ ಒಂದು ಗುಂಡಿ ಒತ್ತಿ ಎಲ್ಲ ಅಳಿಸಿ ಮೊದಲಿನಿಂದ ಕಟ್ಟಬಹುದು. ಯಾರನ್ನೂ ಕೇಳಬೇಕಿಲ್ಲ.

ಮದುವೆಯೊಂದರಲ್ಲಿ ದೂರದ ಸೋದರಮಾವ ಹಣಮಂತರಾಯರು ಅವಳನ್ನು ಹಿಡಿದು ನಿಲ್ಲಿಸಿದ್ದರು.

“ಹೌಸಿಂಗ್ ಬೋರ್ಡಿನ್ಯಾಗ ಇದ್ದೀಯಂತಲ್ಲವಾ? ನಮಗೂ ಒಂದು ಪ್ಲಾಟ್ ನೋಡು.”

ತುಳಸಾ ಬಾಯಿ ತೆರೆಯುವುದರೊಳಗೆ ಕೃಷ್ಣಾಬಾಯಿ ಹೇಳಿದರು. “ಬೋರ್ಡೂ ಇಲ್ಲ, ಪ್ಲಾಟೂ ಇಲ್ರಿ. ಗೊಂಬಿ ಮನಿ ಮಾಡ್ತಾಳ. ಅದಕ್ಕ ಪಗಾರಾ ಕೊಡ್ತಾರ, ನೋಡ್ರಿ ಕಾಲಾ.”

ಆಟ ಶುರುವಾದೊಡನೆ ಪ್ರತಿಯೊಬ್ಬನಿಗೂ ಸಿಗುವ ಮೊದಲ ಮನೆ ಒಂದಿತ್ತು. ಸಣ್ಣ ಗುಡಿಸಲು. ಅದನ್ನು ಕಟ್ಟುವ ಕೆಲಸ ತುಳಸಾಗೆ ಬಂತು. ಅವಳು ಜೀವವಿಟ್ಟು ಮಾಡಿದಳು. ಗೋಡೆಯಲ್ಲಿ ದೀಪದ ಗೂಡು, ಗೂಡಿನ ಮೇಲೆ ಹೊಗೆಯ ಕಪ್ಪು. ಬೆಳಗಿನ ಬಿಸಿಲು ಒಲೆಯ ತನಕ ಬಂದು ನಿಲ್ಲುವಂತೆ ಕಿಟಕಿ. ಹೊಸ್ತಿಲ ನಡುವೆ, ಬಹಳ ಕಾಲ ತುಳಿದ ಹಾಗೆ, ಸಣ್ಣ ತಗ್ಗು. ಕಳಿಸಿದ ನಾಲ್ಕನೆಯ ದಿನ ಕಂಪನಿಯಿಂದ ಉತ್ತರ ಬಂತು: ಎಲ್ಲ ಸೊಗಸಾಗಿದೆ, ಹಾಸಿಗೆ ಎಲ್ಲಿ?

ತಂಡದ ಮುಖ್ಯಸ್ಥ ರಾಮದಾಸ ನಿಜಾಮಾಬಾದಿನ ಕಡೆಯವನು. ಅರ್ಧ ತೆಲುಗು, ಅರ್ಧ ಹಿಂದಿ ಆಡುವವನು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದವನು. ಕುರ್ಚಿ ಉರುಳಿಸಿಕೊಂಡು ಅವಳ ಪಕ್ಕಕ್ಕೆ ಬಂದ.

“ಕ್ಯಾ ತುಲಸೀ, ಹೀರೋ ಎಲ್ಲಿ ಮಲಗಬೇಕು? ಒಲೆಯ ಮೇಲಾ?”

“ಹಾಸಿಗೆ ಇದೆಯಲ್ಲ ಸರ್,” ಎಂದು ತುಳಸಾ ಪರದೆಯನ್ನು ತಿರುಗಿಸಿ ಬಾಗಿಲ ಹಿಂದಿನ ಮೂಲೆ ತೋರಿಸಿದಳು. ಅಲ್ಲಿ ಗಾದಿಯ ಸುರುಳಿ ನಿಂತಿತ್ತು. ಹಗ್ಗದ ಗಂಟನ್ನು ಕೂಡ, ಕೈಹಾಕಿ ಬಿಚ್ಚಬಹುದೆನ್ನುವಷ್ಟು ಚೆನ್ನಾಗಿ, ಅವಳು ಮಾಡಿದ್ದಳು.

ರಾಮದಾಸ ಬಿದ್ದು ಬಿದ್ದು ನಕ್ಕ. “ಅಯ್ಯೋ, ಇದು ಹಾಸಿಗೆಯಾ! ಯಾರದೋ ಹೆಣ ಸುತ್ತಿಟ್ಟಿದ್ದೀಯಾ, ಕತೆಯಲ್ಲಿ ಮುಂದೆ ಬರುತ್ತೆ ಅಂದುಕೊಂಡಿದ್ದೆ!” ಆಚೀಚೆಯ ಟೇಬಲ್ಲಿನವರೂ ಎದ್ದು ಬಂದು ನೋಡಿ ನಕ್ಕರು. ತುಳಸಾ ಕೂಡ ನಕ್ಕಳು.

“ಸುತ್ತಿ ಯಾಕೆ ಇಟ್ಟೆ?”

“ಹಗಲಲ್ಲವಾ ಸರ್. ಯಾರಾದರೂ ದಾಟಬೇಕಲ್ಲ.”

“ಯಾರು ದಾಟಬೇಕು? ಆ ಮನೆಯಲ್ಲಿರುವುದು ಅವನೊಬ್ಬನೇ.”

ತುಳಸಾಳ ನಗು ಅಲ್ಲಿಗೆ ನಿಂತಿತು. ರಾಮದಾಸ ಅದನ್ನು ಗಮನಿಸದೆ ಆಟದ ನಿಯಮ ಹೇಳುತ್ತ ಹೋದ. ಹಾಸಿಗೆ ಅಂದರೆ ಬರೀ ಸಾಮಾನಲ್ಲ. ಅದರ ಮೇಲೆ ಮಲಗಿದರೆ ಗಾಯ ಮಾಯುತ್ತದೆ; ಅಲ್ಲಿಯವರೆಗೆ ಆಡಿದ್ದನ್ನು ಆಟ ನೆನಪಿಟ್ಟುಕೊಳ್ಳುತ್ತದೆ. ಸತ್ತರೂ ಎಚ್ಚರವಾಗುವುದು ತನ್ನ ಹಾಸಿಗೆಯ ಮೇಲೆ. ಹಾಸಿಗೆ ಇಲ್ಲದವನು ಊರ ಬಾಗಿಲ ಹೊರಗೆ, ಮೋರಿಯ ಪಕ್ಕದಲ್ಲಿ ಕಣ್ಣು ಬಿಡುತ್ತಾನೆ.

ಅವಳು ಸುರುಳಿಯನ್ನು ತೆಗೆದುಹಾಕಿ ಒಂದು ಮಂಚ ಮಾಡಿದಳು. ನಾಲ್ಕು ಕಾಲು, ಹಲಗೆ, ಮೇಲೆ ಹುಲ್ಲು ತುಂಬಿದ ಗಾದಿ. ಗುಡಿಸಲಿನ ಹಗಲಿನಲ್ಲಿ ಅದು ಸುಮ್ಮನೆ ಬಿದ್ದುಕೊಂಡಿತ್ತು. ಯಾರೂ ಅದನ್ನು ಎತ್ತಲಿಲ್ಲ. ಮಧ್ಯಾಹ್ನ ಊಟಕ್ಕೆ ಏಳದೆ ತುಳಸಾ ಅದನ್ನೇ ನೋಡುತ್ತ ಕೂತಿದ್ದಳು.

ಅಂದಿನಿಂದ ಅವಳಿಗೆ ಒಂದು ಆಸೆ ಹತ್ತಿತು. ಮದುವೆಯ ಆಸೆ ಎಂದೋ ತೀರಿತ್ತು. ಚಿನ್ನದ್ದು ಮೊದಲಿಗೇ ಇರಲಿಲ್ಲ. ಇದು ಹೊಸದು, ಹೇಳಿಕೊಂಡರೆ ನಗುವಂಥದ್ದು: ಹಗಲು ಹೊತ್ತಿನಲ್ಲೂ ಸುತ್ತಬೇಕಿಲ್ಲದ ಹಾಸಿಗೆ, ಅದರ ಸುತ್ತ ನಾಲ್ಕು ಗೋಡೆ, ಒಳಗಿನಿಂದ ಚಿಲಕ.

ಸರಿಯಾಗಿ ಆ ವರ್ಷವೇ ವಾಸುದೇವ ತೆಲ್ಲಾಪುರದ ದಾರಿಯಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ನೋಡಿ ಬಂದ. ಊಟಕ್ಕೆ ಕೂತಾಗ ಮಾತು ತೆಗೆದ.

“ಅಕ್ಕಾ, ನನ್ನೊಬ್ಬನ ಪಗಾರದ ಮ್ಯಾಲೆ ಬ್ಯಾಂಕಿನವ್ರು ಒಪ್ಪಂಗಿಲ್ಲ. ನಿನ್ನ ಹೆಸರೂ ಹಾಕೋಣೇನು?”

“ಹಾಕು. ಆದ್ರ ನನಗೊಂದು ಖೋಲಿ ಬೇಕು, ವಾಸು.”

ಉಮಾ ನಕ್ಕಳು. “ಮೂರು ಖೋಲಿ ಅವರಿ ಅಕ್ಕಾ. ನಿಮ್ಮನ್ನೇನು ಮೆಟ್ಟಲ ಮ್ಯಾಲೆ ಮಲಗಸ್ತೀವಿ?”

“ಕದಾ ಇರ್ಬೇಕು. ಒಳಗಿಂದ ಚಿಲಕಾ ಹಾಕ್ಕೊಳ್ಳೋಹಂಗ. ಮತ್ತ ಒಂದು ಮಂಚಾ.”

“ಮಂಚಾ ಯಾಕ?” ಎಂದರು ಕೃಷ್ಣಾಬಾಯಿ. “ನೀ ಏನು ಬಾಣಂತಿ ಇದ್ದೀಯೇನು?”

“ಇರ್ಲಿ ಬಿಡವ್ವಾ,” ಎಂದ ವಾಸುದೇವ, ಮಜ್ಜಿಗೆಗೆ ಕೈಯೊಡ್ಡುತ್ತ. “ಯಾವ ಖೋಲಿ ಬೇಕೋ ನೀನೇ ಆರಿಸ್ಕೋ ಅಕ್ಕಾ. ನಿನಗಽ ಮೊದಲು.”

ಆರಿಸುವುದರಲ್ಲಿ ತುಳಸಾಬಾಯಿ ಪಳಗಿದ ಕೈ. ಎಷ್ಟೋ ಮನೆಗಳ ಬಾಗಿಲು ಎತ್ತ ಇರಬೇಕು, ಬೆಳಕು ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಿದವಳು. ದೊಡ್ಡ ಖೋಲಿ ಬೇಡವೆಂದಳು. ಒಳಗಿನ ಖೋಲಿಯೂ ಬೇಡವೆಂದಳು. ತಲೆಬಾಗಿಲಿಗೆ ಹತ್ತಿಕೊಂಡಂತಿದ್ದ ಸಣ್ಣದನ್ನು ಆರಿಸಿದಳು. ಕೆಲಸ ಹೆಚ್ಚಿದ್ದ ದಿನ ತಡವಾಗಿ ಬಂದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಅದಕ್ಕೆ ಅದರದೇ ಬಚ್ಚಲಿದೆ. ಅಡಿಗೆಮನೆ ಆ ತುದಿಗೆ. ಅವ್ವನ ಮಡಿಯ ದಾರಿ ಎಂದಿಗೂ ಇಲ್ಲಿ ಹಾಯುವುದಿಲ್ಲ. ಹಾಸಿಗೆ ವರ್ಷಾನುಗಟ್ಟಲೆ ಬಿಚ್ಚಿಕೊಂಡೇ ಇರಬಹುದು. ಹೀಗೆ ಎಲ್ಲ ಕಡೆಯಿಂದ ಯೋಚಿಸಿದವಳು ಅವ್ವನ ಕಡೆಯಿಂದ ಒಮ್ಮೆಯೂ ಯೋಚಿಸಲಿಲ್ಲ.

ಸ್ಟುಡಿಯೋದಲ್ಲಿ ಬಿಡುವಾದಾಗಲೆಲ್ಲ ಆ ಖೋಲಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಕಿಟಕಿಯ ಬಳಿ ಟೇಬಲ್ಲು. ಗೋಡೆಗೆ ಮೊದಲು ಹಸಿರು ಹಚ್ಚಿ, ಆಸ್ಪತ್ರೆಯ ನೆನಪಾಗಿ ಅಳಿಸಿ, ಹಣ್ಣಾದ ನಿಂಬೆಯ ಬಣ್ಣ ಹಚ್ಚಿದಳು. ಆಟದ ಸಾಮಾನುಗಳಿಂದ ಒಂದು ಗುರಾಣಿಯನ್ನು ತಂದು ಗೋಡೆಗೆ ತೂಗುಹಾಕಿ, ತನಗೇ ನಗು ಬಂದು ತೆಗೆದಳು. ಸ್ಟೇಷನ್ ರೋಡಿನ ಬಡಗಿಯ ಹತ್ತಿರ ಹೋಗಿ, ಇಂಥದ್ದೇ ಮಂಚ ಬೇಕೆಂದು ಕಾಗದದ ಮೇಲೆ ಬಿಡಿಸಿ ಕೊಟ್ಟಳು.

ಒಂದು ಭಾನುವಾರ ಲ್ಯಾಪ್‌ಟಾಪ್ ಮನೆಗೆ ತಂದು ಅವ್ವನಿಗೆ ತೋರಿಸಿದಳು. ಕೃಷ್ಣಾಬಾಯಿ ಕನ್ನಡಕ ಹಾಕಿಕೊಂಡು, ಪರದೆಯನ್ನು ಮುಟ್ಟದೆ, ದೂರದಿಂದ ನೋಡಿದರು. ಗೊಂಬೆಮನೆಯ ಬಗ್ಗೆ ಹಿಂದೆಂದೂ ಇಷ್ಟು ಪ್ರಶ್ನೆ ಕೇಳಿದವರಲ್ಲ.

“ಅಡಿಗಿಮನಿಗೂ ಇದಕೂ ಎಷ್ಟು ದೂರ ಆಗ್ತದ?”

“ಭಾಳ ದೂರ ಅವ್ವಾ. ನಡುವ ಹಾಲ್ ಅದ.”

“ಬಚ್ಚಲಾ?”

“ಬ್ಯಾರೇನೇ ಅದ. ಬಿಸಿನೀರೂ ಬರ್ತಾವ.”

“ಒಳಗ ಬರದಽ ಹೊರಗಿಂದ ಹೊರಗಽ ಹೋಗ್ಲಿಕ್ಕೆ ಬರ್ತದೇನು?”

“ಹೂಂ, ಬಾಗಲಾ ತಗದ್ರ ಮುಂದಽ ಖೋಲಿ. ಯಾರಿಗೂ ತ್ರಾಸಿಲ್ಲ.”

ಕೃಷ್ಣಾಬಾಯಿ ಕನ್ನಡಕ ತೆಗೆದರು. “ಭಾಳ ಛಲೋ ಖೋಲಿ ಆರಿಸೀದಿ, ತುಳಸಾ,” ಎಂದರು. ಮಗಳನ್ನು ಹೊಗಳಿ ಅಭ್ಯಾಸವಿಲ್ಲದ ಬಾಯಿ. ತುಳಸಾಗೆ ಆ ಮಾತು ವಾರವೆಲ್ಲ ಉಳಿಯಿತು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಂಬಿ ಹಿಡಿದು ನಿಂತಾಗ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಆಟ ಮಾರುಕಟ್ಟೆಗೆ ಬಂತು. ಕೊನೆಯಲ್ಲಿ ಪರದೆಯ ಮೇಲೆ ಹರಿಯುವ ಹೆಸರುಗಳಲ್ಲಿ ಬೇಗಂಪೇಟೆಯ ಸ್ಟುಡಿಯೋದ ಹೆಸರೊಂದೇ ಇತ್ತು, ಒಳಗಿನವರದಿರಲಿಲ್ಲ. ಎಲ್ಲೆಲ್ಲಿಯದೋ ದೇಶದ ಹುಡುಗರು ಅವಳ ಗುಡಿಸಲಿನ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದರು. ಒಬ್ಬ ನೆಲದ ತುಂಬ ಕುಂಬಳಕಾಯಿ ಪೇರಿಸಿದ್ದ. ಒಬ್ಬ ಒಲೆಯನ್ನೇ ಕಿತ್ತು, ಹದಿನಾರು ಮಂಚ ಸಾಲಾಗಿ ಹಾಕಿದ್ದ, ಯಾಕೆಂದು ಅವನಿಗೇ ಗೊತ್ತು. ಆ ಹದಿನಾರು ಮಂಚದ ಮನೆಯನ್ನು ತುಳಸಾ ಬಹಳ ಹೊತ್ತು ನೋಡಿದಳು. ಸಿಟ್ಟು ಬರಬೇಕಿತ್ತು, ಬಂದದ್ದು ಒಂದು ಬಗೆಯ ದಣಿವು.

ಹೊಸ ಮನೆಯ ವಾಸ್ತುಶಾಂತಿ ಮುಗಿಯಿತು. ಹೋಮದ ಹೊಗೆ, ನೆಂಟರು, ಹೋಳಿಗೆ. ಮುಂದಿನ ವಾರ ಸಾಮಾನು ಸಾಗಿಸುವುದೆಂದಾಯಿತು. ಆ ದಿನ ತುಳಸಾ ಬಡಗಿಯ ಅಂಗಡಿಯಿಂದ ಮಂಚವನ್ನು ಟೆಂಪೋದಲ್ಲಿ ಹಾಕಿಸಿಕೊಂಡು ತಾನೇ ಜೊತೆಗೆ ಬಂದಳು. ಲಿಫ್ಟ್ ಇನ್ನೂ ಶುರುವಾಗಿರಲಿಲ್ಲ. ಇಬ್ಬರು ಹಮಾಲರು ಮಂಚ ಹೊತ್ತು ಮೆಟ್ಟಿಲೇರಿದರು. ಮುಂದೆ ಮುಂದೆ ಅವಳು, ಗೋಡೆಗೆ ತಗಲೀತೆಂದು ತಿರುತಿರುಗಿ ನೋಡುತ್ತ.

ತಲೆಬಾಗಿಲು ತೆರೆದಿತ್ತು. ಅವಳ ಖೋಲಿಯ ಬಾಗಿಲೂ ತೆರೆದಿತ್ತು. ಒಳಗೆ, ಬರಿ ನೆಲದ ಮೇಲೆ, ಚಾಪೆ ಹಾಸಿಕೊಂಡು ಉಮಾ ಕೂತಿದ್ದಳು. ಪಕ್ಕದಲ್ಲಿ ತಾಟು, ತಂಬಿಗೆ. ತುಳಸಾ ಹಚ್ಚಿಸಿದ್ದ ನಿಂಬೆ ಬಣ್ಣದ ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುತ್ತಿತ್ತು.

“ಒಳಗ ಬರಬ್ಯಾಡ್ರಿ ಅಕ್ಕಾ,” ಎಂದಳು ಉಮಾ. “ನಾ ದೂರ ಇದ್ದೀನಿ. ಮುಂಜಾನಿಂದ.”

“ಇಲ್ಲ್ಯಾಕ ಕೂತಿ? ಬಾಲ್ಕನಿ ಇಲ್ಲೇನು?” ಅಂದದ್ದೇ ತುಳಸಾಗೆ ತನ್ನ ಬಾಯಿಯ ಬಗ್ಗೆ ನಾಚಿಕೆಯಾಯಿತು.

ಆ ತುದಿಯ ಅಡಿಗೆಮನೆಯಿಂದ ಕೃಷ್ಣಾಬಾಯಿಯ ದನಿ ಬಂತು. “ಬಾಲ್ಕನಿ ಯಾಕವಾ ಇನ್ನ? ನೀನೇ ತೋರಿಸೀದೆಲಾ. ಬ್ಯಾರೆ ಬಚ್ಚಲಾ, ಅಡಿಗಿಮನಿಗೆ ದೂರ, ಹೊರಗಿಂದ ಹೊರಗಽ ದಾರಿ. ಹೇಳಿ ಮಾಡಿಸಿಧಂಗ ಅದ. ಬಂದವ್ರೆಲ್ಲಾ ಹೊಗಳಿದ್ರು.”

ತುಳಸಾ ಹೊಸ್ತಿಲ ಮೇಲೆ ನಿಂತಿದ್ದಳು. ತನ್ನದೇ ಲೆಕ್ಕ, ಒಂದೊಂದಾಗಿ, ಅವ್ವನ ಬಾಯಿಂದ ತಿರುಗಿ ಬರುತ್ತಿತ್ತು. ಒಂದೂ ತಪ್ಪಿರಲಿಲ್ಲ.

“ಸಿಟ್ಟಾಗಬ್ಯಾಡ್ರಿ,” ಎಂದಳು ಉಮಾ, ತಗ್ಗಿದ ದನಿಯಲ್ಲಿ. “ಲಗ್ನಾ ಆದಾಗಿಂದ ಇವತ್ತೇ ನೋಡ್ರಿ, ದೂರ ಕೂತಾಗ ಫ್ಯಾನಿನ ಕೆಳಗ ಕೂತದ್ದು. ಎದುರಿನವ್ರು ನೋಡ್ತಾರಂತ ಸೆರಗು ಹೊದ್ದು ಕೂಡೋದು ತಪ್ಪಿತು. ನಿಮಗೂ ತಪ್ಪಿತು.” ಅವಳ ಮುಖದಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ತುಳಸಾಗೆ ಎಷ್ಟೋ ಹಗುರಾಗುತ್ತಿತ್ತು.

ವಾಸುದೇವ ಪೆಟ್ಟಿಗೆಯೊಂದನ್ನು ಇಳಿಸಿ, ಕೈ ಒರೆಸಿಕೊಳ್ಳುತ್ತ ಬಂದ. ಅಕ್ಕನ ಮುಖ ನೋಡಿದ, ಮಂಚ ನೋಡಿದ.

“ವಾಸು, ಇದು ಯಾರ ಖೋಲಿ?”

“ನಿನ್ನದೇ ಅಕ್ಕಾ. ಯಾರು ಅಲ್ಲಂದ್ರು? ಉಮಾ ಮೂರು ದಿನಾ ಕೂಡ್ತಾಳ, ನೀ ಮೂರು ದಿನಾ ಕೂಡ್ತಿ.”

“ಉಳಿದ ದಿನಾ?”

ಅವನು ಅಡಿಗೆಮನೆಯ ಕಡೆ ನೋಡಿದ. ಉತ್ತರ ಅಲ್ಲಿಂದಲೇ ಬಂತು.

“ಉಳಿದ ದಿನಾ ತೊಳದು ಇಡೋದು. ಹೊರಗಾದವ್ರು ಕೂತ ಜಾಗಾದಾಗ ಗಾದಿ, ಪುಸ್ತಕಾ, ನಿನ್ನ ಮಶಿನ್ನು, ಎಲ್ಲಾ ಹ್ಯಾಂಗ ಇಡ್ಲಿಕ್ಕೆ ಬರ್ತದ? ಮಲಗಲಿಕ್ಕೆ ಹಾಲ್ ಎಷ್ಟು ದೊಡ್ಡದದ ನೋಡು. ಹಳೇ ಮನೀದಕ್ಕಿಂತ ಎರಡರಷ್ಟದ.”

“ಮೂರು ಖೋಲಿ ಅಂದಿದ್ದಿ, ವಾಸು.”

“ಮೂರೂ ಅವ ಅಲ್ಲಕ್ಕಾ. ಒಂದು ನಮ್ಮದು. ಒಂದು ದೇವರದು, ಅವ್ವನೂ ಅಲ್ಲೇ ಮಲಗ್ತಾಳ. ಇನ್ನೊಂದು ಇದು.”

ದೇವರಿಗೆ ಒಂದು, ಹೊರಗಾದವರಿಗೆ ಒಂದು. ಎರಡೂ ಅಲ್ಲದ ದಿನಗಳಲ್ಲಿ ತಾನು ಎಲ್ಲಿರಬೇಕೆಂದು ಈ ಮನೆಗೆ ತಿಳಿಯದು. ಅದನ್ನು ಬಾಯಿಬಿಟ್ಟು ಹೇಳುವುದು ತುಳಸಾಬಾಯಿಗೆ ಬರುತ್ತಿರಲಿಲ್ಲ. ಗೋಡೆ ಸರಿಸುವುದು ಬರುತ್ತಿತ್ತು. ಇಲ್ಲಿ ಸರಿಯುವ ಗೋಡೆಯಿರಲಿಲ್ಲ.

“ಎಕ್ಕಡ ಪೆಟ್ಟಾಲಮ್ಮಾ?” ಎಂದ ಮುಂದಿನ ಹಮಾಲ. ಎಲ್ಲಿ ಇಡಬೇಕೆಂದು ಅವನು ಕೇಳುತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿತ್ತು.

“ಹಾಲ್‌ನ್ಯಾಗ ಇಡಸೋಣು ಅಕ್ಕಾ,” ಎಂದ ವಾಸುದೇವ, ಸಮಾಧಾನದ ದನಿಯಲ್ಲಿ. “ಬಂದವ್ರು ಕೂಡ್ಲಿಕ್ಕೆ ಆಗ್ತದ. ಛಲೋ ಕಟ್ಟಿಗಿ ಅದ.”

“ಮ್ಯಾಲೆ ಗಾದಿ ಹಾಸಂಗಿಲ್ಲ ಮತ್ತ,” ಎಂದರು ಕೃಷ್ಣಾಬಾಯಿ. “ನಾ ದಾಟಿ ಹೋಗೋಕಿ.”

ತುಳಸಾ ಹಮಾಲನ ಕಡೆ ತಿರುಗಿ, ಕೆಳಗೆ ತೆಗೆದುಕೊಂಡು ಹೋಗು ಎಂದು ತೆಲುಗಿನಲ್ಲಿ ಹೇಳಿದಳು. ಕೆಳಗೆ ಎಲ್ಲಿಗೆ ಎಂದು ಅವನು ಕೇಳಿದ. ಅದು ಅವಳಿಗೂ ಗೊತ್ತಿರಲಿಲ್ಲ. ಬೇಗಂಪೇಟೆಯ ಕಡೆ ನೌಕರಿ ಹೆಣ್ಣುಮಕ್ಕಳ ಹಾಸ್ಟೆಲುಗಳಿದ್ದವು; ಅಲ್ಲಿ ಒಂದು ಖೋಲಿಗೆ ನಾಲ್ವರು, ಅವರದೇ ಕಬ್ಬಿಣದ ಮಂಚ. ಹೊರಗಿನ ಮಂಚವನ್ನು ಯಾರೂ ಒಳಗೆ ಬಿಡುವುದಿಲ್ಲ. ಅಷ್ಟು ಗೊತ್ತಿದ್ದೂ ಅವಳು ಚಪ್ಪಲಿ ಮೆಟ್ಟಿದಳು.

“ಅಕ್ಕಾ, ಹುಚ್ಚುಚ್ಚಾರ ಮಾಡಬ್ಯಾಡ,” ಎಂದ ವಾಸುದೇವ. “ಮನಿಗೆ ಬಂದ ಮೊದಲನೇ ದಿನಾ ಎದ್ದು ಹೋದ್ರ ಮಂದಿಗೆ ನಾ ಏನು ಹೇಳ್ಲಿ?”

“ಇದ್ದದ್ದೇ ಹೇಳು,” ಎಂದಳು ತುಳಸಾಬಾಯಿ, ಹಮಾಲರನ್ನು ದಾಟಿ ಮೆಟ್ಟಿಲಿಗೆ ಕಾಲಿಡುತ್ತ. “ನಮ್ಮಕ್ಕಗ ಖೋಲಿ ಕೊಟ್ಟಿದ್ವಿ, ಆಕಿನೇ ಆರಿಸಿದ್ದು, ಗೋಡಿ ಬಣ್ಣಾನೂ ಆಕೀದೇ, ಆದ್ರ ಕದಾ ಹಾಕ್ಕೊಳ್ಳೋ ಹೊತ್ತಿಗೆ ನಾವು ಆಕೀಗೆ ಹಾಲ್ ತೋರಿಸಿದ್ವಿ ಅಂತ.”

ವಾಸುದೇವ ಮೆಟ್ಟಿಲ ತನಕ ಬಂದ. ಅವಳು ಆಗಲೇ ಕೆಳಗಿನ ಮಹಡಿ ದಾಟಿ ಹೋಗಿದ್ದಳು, ಹಿಂದೆಯೇ ಮಂಚ ಇಳಿಯುತ್ತಿತ್ತು.